ಆಕ್ಟೇವಿಯಾ ಬಟ್ಲರ್ ನಿಜಕ್ಕೂ ಭವಿಷ್ಯ ನುಡಿದಿದ್ದರಾ? ಅವರ ಯಾವ ಪುಸ್ತಕ ಮೊದಲು ಓದಲಿ?

ನೀವು ಈ ಪ್ರಶ್ನೆ ಕೇಳಲು ಬಹುಶಃ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚೇ ಕಾರಣ. 2025ರ ಜನವರಿಯಲ್ಲಿ ಅಲ್ಲಿನ ಆಲ್ಟಡೀನಾ ಎಂಬ ಊರು ಹೊತ್ತಿ ಉರಿದಾಗ, ಅಮೆರಿಕದ ಕಪ್ಪು ವೈಜ್ಞಾನಿಕ ಕಥೆಗಾರ್ತಿ ಬಟ್ಲರ್ 1993ರಲ್ಲಿ ಬರೆದ ಕಾದಂಬರಿ ‘ಪ್ಯಾರಬಲ್ ಆಫ್ ದ ಸೋವರ್’ ಮತ್ತೆ ಎಲ್ಲರ ಬಾಯಲ್ಲಿ ಬಂತು. ಅದು ಹದಿಹರೆಯದ ಹುಡುಗಿಯೊಬ್ಬಳ ದಿನಚರಿ. ಶುರುವಾಗುವುದು 2024ರ ಜುಲೈಯಲ್ಲಿ. ಬರ, ಬೆಂಕಿ, ದುಬಾರಿ ನೀರು, ಗೋಡೆ ಕಟ್ಟಿಕೊಂಡು ಜೀವ ಹಿಡಿದಿರುವ ಬಡಾವಣೆಗಳು. ಬಟ್ಲರ್ ಹುಟ್ಟಿದ್ದು ಪಕ್ಕದ ಪ್ಯಾಸಡೀನಾದಲ್ಲಿ, ಅವರನ್ನು ಮಣ್ಣು ಮಾಡಿದ್ದು ಅದೇ ಆಲ್ಟಡೀನಾದಲ್ಲಿ. ಮೈ ಜುಮ್ಮೆನ್ನುತ್ತದೆ, ಒಪ್ಪುತ್ತೇನೆ. ಆದರೂ ಅವರನ್ನು ಕಾಲಜ್ಞಾನಿ ಮಾಡಿ ಕೂರಿಸಿದರೆ ಅವರ ದುಡಿಮೆ ಮರೆಯಾಗುತ್ತದೆ. ಅವರು ಲೈಬ್ರರಿಯಲ್ಲಿ ಕೂತು ಓದಿದರು, ಸುದ್ದಿಗಳನ್ನು ಗಮನಿಸಿದರು, ಇವತ್ತಿನ ಅಸಡ್ಡೆ ಇನ್ನು ಮೂವತ್ತು ವರ್ಷ ಹೀಗೇ ಬೆಳೆದರೆ ಏನಾದೀತು ಎಂದು ಯೋಚಿಸಿದರು.

ಮೊದಲು ‘ಕಿಂಡ್ರೆಡ್’ (1979) ಓದಿ. ಅದರ ಬೇರು ಅವರ ಬಾಲ್ಯದಲ್ಲೇ ಇದೆ. 1947ರಲ್ಲಿ ಹುಟ್ಟಿದ ಬಟ್ಲರ್ ಅವರ ತಂದೆ ಶೂ ಪಾಲಿಶ್ ಮಾಡುತ್ತಿದ್ದವರು, ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ತಾಯಿ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ಜೊತೆಗೆ ಹೋಗುತ್ತಿದ್ದ ಮಗಳು, ಅಮ್ಮ ಹಿತ್ತಿಲ ಬಾಗಿಲಿಂದ ಒಳಗೆ ಹೋಗುವುದನ್ನೂ ಆಡಿದ ಮಾತು ಕೇಳಿಯೂ ಕೇಳದ ಹಾಗೆ ಇರುವುದನ್ನೂ ನೋಡಿ ಕುದಿಯುತ್ತಿದ್ದಳು. ಮುಂದೆ ಕಾಲೇಜಿನಲ್ಲಿ ಕಪ್ಪು ಯುವಕನೊಬ್ಬ, ತಲೆ ತಗ್ಗಿಸಿ ಬದುಕಿದ ನಮ್ಮ ಹಿರಿಯರೇ ನಮ್ಮನ್ನು ಹಿಂದಿಟ್ಟವರು ಎಂದು ಸಿಟ್ಟಾದ. ಆ ತಲೆ ತಗ್ಗಿಸಿದ್ದರಿಂದಲೇ ತನ್ನ ಹೊಟ್ಟೆ ತುಂಬಿತ್ತು ಎಂಬುದು ಅಷ್ಟರಲ್ಲಿ ಬಟ್ಲರ್‌ಗೆ ಅರ್ಥವಾಗಿತ್ತು. ಆ ಯುವಕನಿಗೆ ಕೊಟ್ಟ ಉತ್ತರವೇ ಈ ಕಾದಂಬರಿ. 1976ರ ಕಪ್ಪು ಲೇಖಕಿ ಡೇನಾ, ಗುಲಾಮಗಿರಿ ಕಾಲದ ಮೇರಿಲ್ಯಾಂಡ್‌ಗೆ ಮತ್ತೆ ಮತ್ತೆ ಎಳೆದೊಯ್ಯಲ್ಪಡುತ್ತಾಳೆ. ಗುಲಾಮರ ಒಡೆಯನೊಬ್ಬನ ಜೀವ ಅವಳು ಉಳಿಸಬೇಕು, ಯಾಕೆಂದರೆ ಅವನು ಅವಳ ಪೂರ್ವಜ. ಇಲ್ಲಿ ಕಾಲಯಂತ್ರವಿಲ್ಲ, ವಿವರಣೆಯೂ ಇಲ್ಲ. ಹಿತ್ತಿಲ ಬಾಗಿಲಲ್ಲೇ ನಿಂತು ಕೂಲಿ ಪಡೆಯುತ್ತಿದ್ದವರನ್ನು ನಮ್ಮೂರಲ್ಲಿ ನೋಡಿ ಬೆಳೆದವಳು ನಾನು. ಪುಸ್ತಕವನ್ನು ಎರಡು ಸಲ ಮುಚ್ಚಿಟ್ಟು ಎದ್ದು ಓಡಾಡಿದ್ದೇನೆ.

ದೊಡ್ಡ ಕಾದಂಬರಿ ಬೇಡವೆಂದರೆ ‘ಬ್ಲಡ್‌ಚೈಲ್ಡ್’ ಎಂಬ ಕಥೆ ಇದೆ. ಅನ್ಯಗ್ರಹದ ಜೀವಿಗಳ ಮೊಟ್ಟೆಯನ್ನು ಗಂಡಸರು ಒಡಲಲ್ಲಿ ಹೊರುವ ಕಥೆ. ಅದಕ್ಕೆ ವೈಜ್ಞಾನಿಕ ಕಥೆಗಳ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದವು. ಹಿಂದಿನ ವರ್ಷವೇ ‘ಸ್ಪೀಚ್ ಸೌಂಡ್ಸ್’ ಕಥೆಗೆ ಹ್ಯೂಗೋ ಬಂದಿತ್ತು. 1995ರಲ್ಲಿ ಅಸಾಧಾರಣ ಪ್ರತಿಭೆಗೆ ಕೊಡುವ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು, ವೈಜ್ಞಾನಿಕ ಕಥೆ ಬರೆಯುವವರಲ್ಲಿ ಅದು ದಕ್ಕಿದ್ದು ಅವರಿಗೇ ಮೊದಲು.

ಈ ಪ್ರಶಸ್ತಿಗಳ ಹಿಂದೆ ಪಾತ್ರೆ ತೊಳೆದ ವರ್ಷಗಳಿವೆ. ಚಿಪ್ಸ್ ಕಾರ್ಖಾನೆಯಲ್ಲಿ ಕೆಟ್ಟ ಚಿಪ್ಸ್ ಹುಡುಕುವ ಕೆಲಸವೂ ಮಾಡಿದ್ದರು. ಬೆಳಗಿನ ಜಾವ ಎರಡಕ್ಕೆ ಎದ್ದು ಬರೆದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಓದು ಬರಹ ಕಷ್ಟವಾಗಿಸುವ ಡಿಸ್ಲೆಕ್ಸಿಯಾ ಇತ್ತು, ಕಾರು ಓಡಿಸುತ್ತಿರಲಿಲ್ಲ, ಓಡಾಟವೆಲ್ಲ ಬಸ್ಸಿನಲ್ಲಿ. ಸ್ಫೂರ್ತಿಗಿಂತ ಅಭ್ಯಾಸವನ್ನು ನಂಬಿ ಎಂದು ಹೊಸಬರಿಗೆ ಅವರು ಬರೆದದ್ದು ಈ ಬದುಕಿನಿಂದಲೇ.

ಹನ್ನೆರಡನೇ ವಯಸ್ಸಿನಲ್ಲಿ ಮಂಗಳ ಗ್ರಹದ ಹೆಣ್ಣೊಬ್ಬಳ ಬಗ್ಗೆ ಒಂದು ಸಿನಿಮಾ ನೋಡಿ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯುತ್ತೇನೆ ಎಂದು ಕೂತವರು ಅವರು. 2021ರಲ್ಲಿ ಪರ್ಸಿವರೆನ್ಸ್ ರೋವರ್ ಮಂಗಳದ ನೆಲಕ್ಕೆ ಇಳಿದ ಜಾಗಕ್ಕೆ ನಾಸಾ ಅವರ ಹೆಸರನ್ನೇ ಇಟ್ಟಿತು. ನೋಡಲು ಅವರಿರಲಿಲ್ಲ, 2006ರಲ್ಲಿ 58ನೇ ವಯಸ್ಸಿಗೇ ಹೋಗಿಬಿಟ್ಟಿದ್ದರು.

1988ರಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ತನ್ನ ಪುಸ್ತಕಗಳು ಅತಿ ಹೆಚ್ಚು ಮಾರಾಟವಾಗುವ ಪಟ್ಟಿಗೆ ಬರುತ್ತವೆ ಎಂದು ಬರೆದುಕೊಂಡಿದ್ದರು. ‘ಪ್ಯಾರಬಲ್ ಆಫ್ ದ ಸೋವರ್’ ನ್ಯೂಯಾರ್ಕ್ ಟೈಮ್ಸ್ ಪಟ್ಟಿ ಸೇರಿದ್ದು 2020ರಲ್ಲಿ. ಅದೇ ಬರಹದಲ್ಲಿ ಇನ್ನೊಂದು ಮಾತೂ ಇತ್ತು: ಬಡ ಕಪ್ಪು ಮಕ್ಕಳನ್ನು ಕ್ಲೇರಿಯನ್ ಬರಹ ಶಿಬಿರಕ್ಕೆ ಕಳಿಸುತ್ತೇನೆ ಎಂದು. 1970ರಲ್ಲಿ ಅವರೇ ಕಲಿತ ಶಿಬಿರ ಅದು. ಅವರು ತೀರಿಕೊಂಡ ಮೇಲೆ, ಬಿಳಿಯರಲ್ಲದ ಹೊಸ ಬರಹಗಾರರನ್ನು ಅಲ್ಲಿಗೆ ಕಳಿಸಲು ಅವರ ಹೆಸರಿನಲ್ಲೇ ವಿದ್ಯಾರ್ಥಿವೇತನ ಶುರುವಾಯಿತು.