ಬಿಇ ಸಿವಿಲ್‌ನಲ್ಲಿ ಕಲಿತ ಸರ್ವೆ, ಲೈಸೆನ್ಸ್ಡ್ ಸರ್ವೇಯರ್ ಆಗೋಕೆ ಸಾಕಾ?

ಹಾಸನದಲ್ಲಿ ಸಿವಿಲ್ ಕೊನೇ ವರ್ಷದಲ್ಲಿದೀನಿ, ಮುಂದೆ ಭೂಮಾಪನ ಇಲಾಖೆಯ ಲೈಸೆನ್ಸ್ ತಗೋಬೇಕು ಅಂತಿದೀನಿ, ಕಾಲೇಜಲ್ಲಿ ಕಲಿತಿದ್ದು ಸಾಕಾಗುತ್ತಾ ಅಂತ ಕೇಳಿದೀರ. ನಾನೂ ಹಾಸನದಲ್ಲೇ ಓದಿದ್ದು, ಈಗ ಚಿಕ್ಕಮಗಳೂರು ಕಡೆ ಲೈಸೆನ್ಸ್ ಮೇಲೆ ಕೆಲಸ ಮಾಡ್ತಿದೀನಿ. ಅಳೆಯೋಕೆ ಕಾಲೇಜು ಚೆನ್ನಾಗೇ ಕಲಿಸುತ್ತೆ. ಗಡಿ ಎಲ್ಲಿದೆ ಅಂತ ಹೇಳೋದನ್ನ ಕಲಿಸಲ್ಲ.

ಕಾಲೇಜನ್ನ ಕಡಿಮೆ ಮಾಡಿ ಹೇಳ್ತಿಲ್ಲ. ಕೋನ ಅಳೆಯೋ ಥಿಯೋಡಲೈಟ್, ನೆಲದ ಎತ್ತರ ತಗ್ಗು ಅಳೆಯೋ ಲೆವೆಲಿಂಗ್, ಕೋನ ದೂರ ಎರಡನ್ನೂ ಅಳೆಯೋ ಟೋಟಲ್ ಸ್ಟೇಷನ್ ಎಲ್ಲ ಅಲ್ಲೇ ಕೈಗೆ ಕೂತಿದ್ದು, ಸರ್ವೆ ಕ್ಯಾಂಪಲ್ಲಿ ಲೆವೆಲ್ ಕ್ಲೋಸ್ ಆಗದೆ (ಅಳೀತಾ ಹೋಗಿ ಕೊನೇಲಿ ಎತ್ತರದ ಲೆಕ್ಕ ತಾಳೆ ಆಗದೆ) ರಾತ್ರಿ ಹನ್ನೊಂದರ ತನಕ ಫೀಲ್ಡ್ ಬುಕ್ ಇಟ್ಕೊಂಡು ತಪ್ಪು ಹುಡುಕಿದೀವಲ್ಲ, ಆ ಅಭ್ಯಾಸ ಇವತ್ತಿಗೂ ನನ್ನ ಕಾಯ್ತಿದೆ. ಆದ್ರೆ ಕ್ಯಾಂಪಲ್ಲಿ ಮಾಡೋದೇನು ನೋಡಿ: ಹೊಸ ಕೆರೆ, ಹಳೇ ಕೆರೆ, ರಸ್ತೆ, ನೀರು ಸರಬರಾಜು. ಒಂದರಲ್ಲೂ ಇಬ್ಬರು ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಕಲ್ಲು ಇಲ್ಲಿತ್ತು, ಅಲ್ಲಿತ್ತು ಅಂತ ಜಗಳ ಆಡಲ್ಲ. ಅಮೆರಿಕದಲ್ಲಿ ಸರ್ವೇಯಿಂಗ್‌ಗೇ ಅಂತ ನಾಲ್ಕು ವರ್ಷದ ಡಿಗ್ರಿಗಳಿವೆ, ಅಲ್ಲಿ ಗಡಿ ಕಾನೂನನ್ನೂ ಓದಿಸ್ತಾರೆ, ಓದು ಮುಗಿಯೋ ಹೊತ್ತಿಗೆ ಎಫ್‌ಎಸ್ ಅನ್ನೋ ಮೂಲ ಪಾಠಗಳ ಪರೀಕ್ಷೆ, ಆಮೇಲೆ ಕೆಲವು ವರ್ಷ ಅನುಭವ, ಆಮೇಲೆ ಪಿಎಸ್ ಅನ್ನೋ ವೃತ್ತಿ ಪರೀಕ್ಷೆ ಪಾಸಾದ್ರೇನೇ ಸಹಿ ಹಾಕೋ ಹಕ್ಕು. ನಮ್ಮದು ಸಿವಿಲ್ ಡಿಗ್ರಿ, ಅದರಲ್ಲಿ ಸರ್ವೆ ಒಂದು ಭಾಗ ಅಷ್ಟೇ, ಉಳಿದಿದ್ದನ್ನ ಇಲಾಖೆಯ ತರಬೇತೀಲಿ ತುಂಬ್ಕೋಬೇಕು.

ನನಗೆ ಇದು ಅರ್ಥ ಆಗಿದ್ದು ತರಬೇತಿಯ ಮೊದಲ ವಾರ. ಹಳೇ ಟಿಪ್ಪಣಿ (ಜಮೀನು ಅಳೆದಾಗ ಗೆರೆ, ಅಳತೆ ಬರೆದಿಟ್ಟ ಸರ್ವೆ ಹಾಳೆ) ಕೊಟ್ಟು ಓದು ಅಂದ್ರು, ಒಂದು ಗೆರೆ ಪಕ್ಕ 6-8 ಅಂತ ಬರೆದಿತ್ತು. ನಾನು 6.8 ಚೈನು ಅಂತ ತಗೊಂಡು ಲೆಕ್ಕ ಹಾಕ್ದೆ. ನಮ್ಮನ್ನ ಕರ್ಕೊಂಡು ಹೋಗಿದ್ದ ಹಿರಿಯ ಭೂಮಾಪಕರು ಏನೂ ಬೈಲಿಲ್ಲ, ಪೆನ್ಸಿಲ್ ತಗೊಂಡು 8ರ ಕೆಳಗೆ 16 ಅಂತ ಬರೆದ್ರು. ಚೈನು 33 ಅಡಿ, ಅದಕ್ಕೆ 16 ಆಣೆ, ಹಾಗಾಗಿ 6-8 ಅಂದ್ರೆ ಆರೂವರೆ ಚೈನು, 214.5 ಅಡಿ. ನಾನು ಹಾಕಿದ್ದು 224.4. ಹತ್ತತ್ರ ಹತ್ತಡಿ ಪಕ್ಕದವರ ತೋಟದೊಳಗೆ ಹೋಗ್ಬಿಟ್ಟಿದ್ದೆ! 33 ಅಡಿಗೆ 33 ಅಡಿ ಒಂದು ಗುಂಟೆ ಆಗೋದ್ರಿಂದ ಚೈನಿಗೆ ಚೈನು ಗುಣಿಸಿದ್ರೆ ಉತ್ತರ ನೇರ ಗುಂಟೇಲೇ ಬರುತ್ತೆ, ಆ ತುಂಡು ನಾಲ್ಕು ಚೈನು ಅಗಲ, ಬರಬೇಕಾಗಿದ್ದು 26 ಗುಂಟೆ, ನನಗೆ ಬಂದಿದ್ದು 27.2. ಆ ಒಂದು ಗುಂಟೆ ಚಿಲ್ಲರೆ ಅಂದ್ರೆ ಒಂದು ಥರ್ಟಿ ಫಾರ್ಟಿ ಸೈಟಿಗಿಂತ ಜಾಸ್ತಿ ಜಾಗ. ಪಹಣೀಲೂ ಇದೇ ಗುಂಡಿ ಇದೆ, 2-30 ಅಂದ್ರೆ 2.30 ಎಕರೆ ಅಲ್ಲ, 2 ಎಕರೆ 30 ಗುಂಟೆ, ಎಕರೆಗೆ 40 ಗುಂಟೆ ಲೆಕ್ಕದಲ್ಲಿ ಎರಡೂಮುಕ್ಕಾಲು ಎಕರೆ.

ಇನ್ನೊಂದು ನಮ್ಮ ಮಲೆನಾಡಿನ ಕಷ್ಟ, ಇಳಿಜಾರು. ಕಾಫಿ ತೋಟದಲ್ಲಿ 15 ಡಿಗ್ರಿ ಇಳಿಜಾರಲ್ಲಿ ನೆಲಕ್ಕೆ ಟೇಪು ಹಾಸಿ 100 ಮೀಟರ್ ಎಳೆದ್ರೆ ನಕ್ಷೆಗೆ ಬರೋದು 96.6 ಮೀಟರ್ ಮಾತ್ರ. ಕೊಸೈನ್ ಗೊತ್ತಿರುತ್ತೆ ಎಲ್ಲರಿಗೂ, ಆದ್ರೆ ಟೋಟಲ್ ಸ್ಟೇಷನ್ ಪರದೆ ಮೇಲೆ ಇಳಿಜಾರಿನ ದೂರ, ಸಮತಲ ದೂರ ಎರಡೂ ಇರೋವಾಗ ಅವಸರದಲ್ಲಿ ಯಾವುದು ಬರ್ಕೊಂಡ್ರಿ ಅನ್ನೋದೇ ಪ್ರಶ್ನೆ. ಈಗ ಉಪಗ್ರಹದಿಂದ ಜಾಗ ಗುರುತಿಸೋ ರೋವರ್ ಬಂದಿದೆ, ಬಯಲುಸೀಮೆ ಹೊಲದಲ್ಲಿ ಅದು ದೊಡ್ಡ ವರ, ಆದ್ರೆ ಸಿಲ್ವರ್ ಓಕ್ ಕೆಳಗೆ ಆಕಾಶ ಕಾಣದೆ ಅದಕ್ಕೆ ಫಿಕ್ಸ್ (ನಿಖರವಾದ ಸ್ಥಾನ) ಸಿಗೋದು ಕಷ್ಟ, ಆಗ ಒಂದು ಬಿಂದುವಿಂದ ಇನ್ನೊಂದಕ್ಕೆ ಕೋನ, ದೂರ ಅಳೀತಾ ಹೋಗೋ ನಿಮ್ಮ ಕಾಲೇಜಿನ ಟ್ರಾವರ್ಸೇ ಕೈ ಹಿಡಿಯೋದು. ಆ ಪಾಠ ಬಿಡ್ಬೇಡಿ.

ಈಗ ಏನು ಮಾಡ್ಬೇಕು ಅಂದ್ರೆ, ಇಲಾಖೆ ಅಧಿಸೂಚನೆ ಬರೋವರ್ಗೂ ಕಾಯ್ತಾ ಕೂರ್ಬೇಡಿ (ಅರ್ಹತೆ ಏನು ಅಂತ ಆಯಾ ಅಧಿಸೂಚನೇಲೇ ನೋಡ್ಕೊಳ್ಳಿ, ಯಾರೋ ಹೇಳಿದ್ದನ್ನ ನಂಬ್ಬೇಡಿ). ನಿಮ್ಮ ಮನೆ ಜಮೀನಿನ ಒಂದು ಸರ್ವೆ ನಂಬರು ಹಿಡ್ಕೊಂಡು ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ದಾಖಲೆ), ಪಹಣಿ, ಗ್ರಾಮ ನಕ್ಷೆ ನಾಲ್ಕೂ ನಕಲು ತಗೊಳ್ಳಿ. ಟಿಪ್ಪಣಿ ಅಳತೆಯಿಂದ ಬರೋ ವಿಸ್ತೀರ್ಣ, ಆಕಾರಬಂದ್, ಪಹಣೀಲಿರೋದು ತಾಳೆ ಆಗುತ್ತಾ, ಗ್ರಾಮ ನಕ್ಷೇಲಿ ಆಕಾರ ಹೊಂದುತ್ತಾ ನೋಡಿ, ಎಷ್ಟೋ ಕಡೆ ಆಗಲ್ಲ, ಯಾಕೆ ಅಂತ ಹುಡುಕಿ: ಖರಾಬು (ಸಾಗುವಳಿಗೆ ಬಾರದ ಜಾಗ) ಬಿಟ್ಟಿದಾರಾ, ಪೋಡಿ (ಪಾಲಾದ ಜಮೀನನ್ನ ಅಳೆದು ಬೇರೆ ಬೇರೆ ಮಾಡೋದು) ಆಗದೆ ಹಾಗೇ ಉಳಿದಿದೆಯಾ. ಆಮೇಲೆ ಟಿಪ್ಪಣಿ ಹಿಡ್ಕೊಂಡು ಗದ್ದೆಗೆ ಹೋಗಿ ಅಳತೆಗೆ ಆಧಾರವಾದ ಬೇಸ್ ಲೈನ್ ಎಲ್ಲಿಂದ ಎಲ್ಲಿಗೆ ಹಾಕಿದ್ರು, ಗಡಿಯ ಯಾವ ಬಾಂದು ಕಲ್ಲು ಉಳಿದಿದೆ, ಯಾವುದನ್ನ ಯಾರೋ ಕಿತ್ತು ಬೇಲಿಗೆ ಹಾಕಿದಾರೆ ಅಂತ ನೋಡಿ. ಮನೇಲಿ ಹಿರಿಯರಿದ್ರೆ ಜೊತೇಲಿ ಕರ್ಕೊಂಡು ಹೋಗಿ, ಕಾಗದದಲ್ಲಿಲ್ಲದ್ದು ಅವರ ನೆನಪಲ್ಲಿರುತ್ತೆ.

ನಾಳೆ ನೀವು ಬರೆಯೋ 11ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗ ಮಾರೋಕೆ, ಪಾಲು ಮಾಡೋಕೆ ಬೇಕಾದ ನಕ್ಷೆ) ಇಟ್ಕೊಂಡೇ ಒಬ್ಬರು ರಿಜಿಸ್ಟರ್ ಆಫೀಸಿಗೆ ಹೋಗೋದು, ಅವರ ಮನೆ ದುಡ್ಡೆಲ್ಲ ಆ ಗೆರೆ ಮೇಲಿರುತ್ತೆ. ಹೋಗಿ ಬಂದ್ಮೇಲೆ ಟಿಪ್ಪಣೀಲಿ ಯಾವ ಅಂಕಿ ಗೊತ್ತಾಗ್ಲಿಲ್ಲ ಅಂತ ಇಲ್ಲೇ ಕೆಳಗೆ ಬರೀರಿ, ಕೂತು ಬಿಡಿಸಿ ಹೇಳ್ತೀನಿ.