ಪ್ಲಾಸ್ಟಿಕ್ ಇಂಧನ ಟ್ಯಾಂಕಿಗೆ ಹಾಕಿದ ಫೋಮ್ ಹೊದಿಕೆ ಏಕೆ ಕಳಚಿಕೊಳ್ಳುತ್ತದೆ? ಸರಿಯಾಗಿ ಹಾಕುವುದು ಹೇಗೆ?

ಹೆಚ್ಚಿನ ಸಲ ತಪ್ಪು ಫೋಮಿನದಲ್ಲ, ಅದರಡಿಯ ಮೇಲ್ಮೈಯದು. ವಾಹನಗಳ ಪ್ಲಾಸ್ಟಿಕ್ ಟ್ಯಾಂಕ್ ಬಹುತೇಕ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನಿನದು. ಫೋಮಿನ ವಸ್ತುವಾದ ಪಾಲಿಯುರೆಥೇನ್ ಅದಕ್ಕೆ ತಾನಾಗಿ ಅಂಟುವುದಿಲ್ಲ. ಮೊದಲು ಜಿಡ್ಡು ಒರೆಸಿ, ಗ್ಯಾಸ್ ಜ್ವಾಲೆಯನ್ನು ಮೇಲ್ಮೈ ಮೇಲೆ ಎಲ್ಲೂ ನಿಲ್ಲಿಸದೆ ಹಾಯಿಸಬೇಕು. ಇದು ಹೊಸ, ಖಾಲಿ ಟ್ಯಾಂಕಿಗೆ ಮಾತ್ರ. ಒಮ್ಮೆ ಇಂಧನ ತುಂಬಿದ ಟ್ಯಾಂಕಿನ ಹತ್ತಿರ ಜ್ವಾಲೆ ತರಲೇಬೇಡಿ, ಒಳಗುಳಿದ ಆವಿ ಸಿಡಿಯುತ್ತದೆ. ನಂತರ ನೀರು ಚಿಮುಕಿಸಿ ನೋಡಿ: ಹನಿಗಟ್ಟಿದರೆ ಸಾಲದು, ತೆಳ್ಳಗೆ ಹರಡಿಕೊಂಡರೆ ಸರಿ. ಆ ನೀರು ಪೂರ್ತಿ ಒಣಗಲೇಬೇಕು. ತೇವ ಉಳಿದರೆ, ಫೋಮ್ ಮಾಡಲು ಬೆರೆಸುವ ಎರಡು ದ್ರವಗಳಲ್ಲೊಂದಾದ ಐಸೊಸಯನೇಟ್ ಅದರೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅಂಟಿನ ಜಾಗದಲ್ಲೇ ಗುಳ್ಳೆ ಏಳುತ್ತದೆ.

ಸೋರಿಕೆ ಪರೀಕ್ಷೆ ಫೋಮಿಗಿಂತ ಮೊದಲೇ ಮುಗಿಯಲಿ. ಆಮೇಲೆ ತೂತು ಹುಡುಕುವುದು ಬಲು ಕಷ್ಟ. ಪಂಪ್ ಕೂರುವ ಬಾಯಿ, ವೆಂಟ್, ಬಿಗಿಯುವ ಪಟ್ಟಿಯ ಜಾಗ ಮುಚ್ಚಿ ಅಚ್ಚಿನಲ್ಲಿಡಿ. ಉಬ್ಬುವ ಫೋಮ್ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ, ಆದ್ದರಿಂದ ಟ್ಯಾಂಕೊಳಗೆ ಅಲ್ಪ ಗಾಳಿ ಒತ್ತಡ ಕೊಟ್ಟಿರಬೇಕು.

ಅಳತೆಗೆ ಒಂದು ಉದಾಹರಣೆ: ಹೊರಮೈ 1.5 ಚದರ ಮೀಟರ್, ಟ್ಯಾಂಕಿಗೂ ಅಚ್ಚಿಗೂ ನಡುವಿನ ಅಂತರ 20 ಮಿ.ಮೀ. ಎಂದರೆ 30 ಲೀಟರ್ ಜಾಗ. ಘನ ಮೀಟರಿಗೆ 50 ಕೆ.ಜಿ. ಸಾಂದ್ರತೆಯ ಫೋಮ್ 1.5 ಕೆ.ಜಿ. ಬೇಕು, ಮೂಲೆ ತುಂಬಲು ತುಸು ಹೆಚ್ಚು ಸುರಿಯಿರಿ. ಪಾಲಿಯಾಲ್ (ಇನ್ನೊಂದು ದ್ರವ) ಮತ್ತು ಐಸೊಸಯನೇಟ್ ಪ್ರಮಾಣ ತಯಾರಕರು ಹೇಳಿದಷ್ಟೇ ಇರಲಿ. ಐಸೊಸಯನೇಟ್ ಕಡಿಮೆಯಾದರೆ ಫೋಮ್ ಮೆತ್ತಗೆ ಉಳಿಯುತ್ತದೆ, ಜಾಸ್ತಿಯಾದರೆ ಪುಡಿಪುಡಿಯಾಗುತ್ತದೆ. ಮಿಶ್ರಣ ಮಾಡುವಾಗ ಐಸೊಸಯನೇಟಿನ ಆವಿ ಶ್ವಾಸಕೋಶಕ್ಕೆ ಅಪಾಯ. ಗಾಳಿ ಹೊರಹಾಕುವ ಫ್ಯಾನ್, ತಕ್ಕ ಮಾಸ್ಕ್, ಕೈಗವಸು ಇಲ್ಲದೆ ಕೆಲಸಕ್ಕಿಳಿಯಬೇಡಿ.