ಚಮಚ, ಬಾಳೆಹಣ್ಣು, ಹೆಲಿಕಾಪ್ಟರ್: ಗಾಳಕ್ಕೆ ಕಟ್ಟಿದ ವಿಚಿತ್ರಗಳು

ಕಳೆದ ಸಂಚಿಕೆಯಲ್ಲಿ ಕೆರೆಯ ಮೀನುಗಳ ಬಗ್ಗೆ ಉತ್ತರಿಸುವಾಗ, ಎರೆಹುಳುವಿನ ಬದಲು ಬಳಸುವ ಹುಸಿ ಎರೆಗಳ, ಅಂದರೆ ಈಗ ಎಲ್ಲರೂ ಲೂರ್ ಎಂದು ಕರೆಯುವ ವಸ್ತುಗಳ ವಿಷಯವಾಗಿ ಒಂದೇ ಒಂದು ವಾಕ್ಯ ಬರೆದಿದ್ದೆ. ಆ ವಾಕ್ಯಕ್ಕೆ ಬಂದಷ್ಟು ಪತ್ರಗಳು ಇಡೀ ಅಂಕಣಕ್ಕೆ ಬಂದಿರಲಿಲ್ಲ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮಿಷಿಗನ್‌ನಲ್ಲಿರುವ ನಮ್ಮಣ್ಣ ಊರಿಗೆ ಬಂದಾಗ, ಅಲ್ಲಿಯ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ತಗಡಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟರು. ಅದರಲ್ಲಿ ಕೆಂಪು ಬಿಳಿ ಪಟ್ಟೆಯ, ಹಿಡಿಯಿಲ್ಲದ ಚಮಚದಂಥದು ಒಂದು, ಬಾಳೆಹಣ್ಣಿನಂತೆ ಬಾಗಿದ ಮರದ ತುಂಡು ಒಂದು, ರಬ್ಬರಿನ ಲಂಗ ತೊಟ್ಟ ಕಪ್ಪೆಯಂಥದು ಒಂದು ಇವೆ. ಇವುಗಳಿಂದ ನಿಜವಾಗಿಯೂ ಮೀನು ಹಿಡಿಯುತ್ತಿದ್ದರೆ, ಅಥವಾ ಕೊಳ್ಳುವವರನ್ನು ಮರುಳು ಮಾಡಲು ತಯಾರಿಸಿದ ಆಟಿಕೆಗಳೆ? (ಓದುಗರು, ಶಿವಮೊಗ್ಗ)

ಉತ್ತರ: ನೀವು ಬರೆದಿರುವ ವರ್ಣನೆ ಸರಿಯಾಗಿದ್ದರೆ, ಮೂರೂ ಧಾರಾಳವಾಗಿ ಮೀನು ಹಿಡಿದಿರುವ ವಂಶಕ್ಕೆ ಸೇರಿದವು.

ಚಮಚದಿಂದ ಆರಂಭಿಸೋಣ. ಅಮೆರಿಕದ ವರ್ಮಾಂಟ್ ಪ್ರಾಂತದ ಬೊಮೊಸೀನ್ ಸರೋವರದಲ್ಲಿ ದೋಣಿಯ ಮೇಲೆ ಕುಳಿತು ಊಟ ಮಾಡುತ್ತಿದ್ದ ಜೂಲಿಯೊ ಬ್ಯೂಯಲ್ ಎಂಬ ಯುವಕನ ಕೈಯಿಂದ ಚಮಚ ಜಾರಿ ನೀರಿಗೆ ಬಿತ್ತಂತೆ. ಅದು ಹೊಳೆಯುತ್ತ, ಅತ್ತಿತ್ತ ಓಲಾಡುತ್ತ ಕೆಳಗಿಳಿಯುವಾಗ ದೊಡ್ಡ ಮೀನೊಂದು ಬಂದು ಅದಕ್ಕೆ ಬಾಯಿ ಹಾಕಿತಂತೆ. ಆತ ಮನೆಗೆ ಹೋಗಿ ಇನ್ನೊಂದು ಚಮಚದ ಹಿಡಿ ಕತ್ತರಿಸಿ, ಒಂದು ತುದಿಗೆ ತೂತು ಕೊರೆದು ದಾರ ಕಟ್ಟಿದ, ಇನ್ನೊಂದು ತುದಿಗೆ ಕೊಕ್ಕೆ ಬೆಸೆದ. ಊಟದ ಕಥೆಗೆ ಉಪ್ಪುಖಾರ ಬೆರೆತಿರಬಹುದು. ಆದರೆ 1852ರಲ್ಲಿ ಬ್ಯೂಯಲ್ ಪೇಟೆಂಟ್ ಪಡೆದದ್ದು ಮತ್ತು ಅದೇ ಕಸುಬಿನಲ್ಲಿ ಅಂಗಡಿ ಇಟ್ಟು ಬದುಕಿದ್ದು ದಾಖಲೆಯಲ್ಲಿರುವ ಸಂಗತಿ. ನಿಮ್ಮಲ್ಲಿರುವ ಕೆಂಪು ಬಿಳಿ ಪಟ್ಟೆಯದು ಬಹುಶಃ ಡೆಟ್ರಾಯಿಟ್‌ನ ಲೂ ಎಪಿಂಜರ್ ರೂಪಿಸಿದ ‘ಡಾರ್ಡೆವಲ್’ ಜಾತಿಯದು. ಮೊದಲನೆಯ ಮಹಾಯುದ್ಧದ ಸೈನಿಕರ ಅಡ್ಡಹೆಸರಿನಿಂದ ಬಂದ ಈ ಹೆಸರಿನೊಳಗೆ ಸೈತಾನ ಇಣುಕುತ್ತಾನೆಂದು ಪಾದ್ರಿಗಳು ಬೇಸರಪಟ್ಟುಕೊಂಡಾರು ಎಂಬ ಭಯದಿಂದ ಅದರ ಕಾಗುಣಿತವನ್ನೇ ಬದಲಿಸಿದರು ಎಂದು ಹೇಳುತ್ತಾರೆ.

ಬಾಳೆಹಣ್ಣಿನ ಆಕಾರದ್ದು ಡೆಟ್ರಾಯಿಟ್‌ನವನೇ ಆದ ಚಾರ್ಲ್ಸ್ ಹೆಲಿನ್ 1930ರ ದಶಕದಲ್ಲಿ ತಂದ ‘ಫ್ಲ್ಯಾಟ್‌ಫಿಶ್’ ಇರಬೇಕು. ನೀರಿನಲ್ಲಿ ಬಾಳುವ ಯಾವ ಜೀವಿಯನ್ನೂ ಹೋಲದ ಈ ವಸ್ತುವನ್ನು ನಿಧಾನವಾಗಿ ಎಳೆದರೆ ಸಾಕು, ಕುಡಿದವನಂತೆ ಎಡಕ್ಕೂ ಬಲಕ್ಕೂ ಅಗಲವಾಗಿ ತೂರಾಡುತ್ತದೆ. ಆ ತೂರಾಟವೇ ಅದರ ಬಂಡವಾಳ. ಲಂಗ ತೊಟ್ಟದ್ದು ಒಹಾಯೊ ಪ್ರಾಂತದ ಆಕ್ರನ್ ಊರಿನ ಫ್ರೆಡ್ ಆರ್ಬೊಗ್ಯಾಸ್ಟ್‌ನ ‘ಹುಲಾ ಪಾಪರ್’ ಆಗಿರಬೇಕು. ಅದರ ಮುಖ ಬಟ್ಟಲಿನಂತೆ ಒಳಕ್ಕೆ ಗುಳಿ ಬಿದ್ದಿರುತ್ತದೆ. ದಾರವನ್ನು ಚಿಮ್ಮಿಸಿದರೆ ನೀರಿನ ಮೇಲೆ ‘ಗುಳುಕ್’ ಎಂದು ಸದ್ದಾಗುತ್ತದೆ. ಸದ್ದು ನಿಂತ ಮೇಲೂ ರಬ್ಬರಿನ ಎಳೆಗಳು ಒಂದೆರಡು ಕ್ಷಣ ಅಲುಗುತ್ತಲೇ ಇರುತ್ತವೆ. ಟೈರು ಕಾರ್ಖಾನೆಗಳ ಊರಾದ ಅದೇ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಮನೆಯ ಒಲೆಯ ಮೇಲೆ ಪ್ಲಾಸ್ಟಿಕ್ ಕರಗಿಸಿ ಎರೆಹುಳು ಎರಕ ಹೊಯ್ದ. ಇಂದು ಅಂಗಡಿಗಳಲ್ಲಿ ತೂಗಾಡುವ ಬಣ್ಣಬಣ್ಣದ ಮೆತ್ತನೆಯ ಹುಳುಗಳೆಲ್ಲ ಅದರ ಮೊಮ್ಮಕ್ಕಳು.

ಇಂಥ ಆಕಾರಗಳಿಗೆ ಮೀನು ಮೋಸಹೋಗುವುದು ಏಕೆ ಎಂದು ತಿಳಿಯಬೇಕಾದರೆ ಅಡುಗೆಮನೆಗೆ ಹೋಗಬೇಕು. ರೋಹುವನ್ನೋ ಕಾಟ್ಲಾವನ್ನೋ ಹೆರೆಯುವ ಮುನ್ನ ಅದರ ಪಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ. ಕಿವಿರಿನ ಹಿಂದಿನಿಂದ ಬಾಲದವರೆಗೆ, ಒಂದೊಂದು ಹುರುಪೆಯ ಮೇಲೂ ಸೂಜಿಯಿಂದ ಚುಚ್ಚಿದಂಥ ಒಂದೊಂದು ತೂತು ಸಾಲಾಗಿ ಕಾಣುತ್ತದೆ. ನೀರಿನ ಅಲುಗಾಟವನ್ನು ಮೀನು ಗ್ರಹಿಸುವುದು ಈ ಗೆರೆಯಿಂದ. ಕಲಕಿದ ನೀರಿನಲ್ಲಿ, ಮುಸ್ಸಂಜೆಯಲ್ಲಿ, ಪಾಚಿಯ ನಡುವೆ ಕಣ್ಣಿಗಿಂತ ಮೊದಲು ಸುದ್ದಿ ಮುಟ್ಟಿಸುವುದು ಇದೇ. ಗಾಯಗೊಂಡ ಸಣ್ಣ ಮೀನು ಹೊರಳಾಡುವಾಗ ಹೊಮ್ಮುವ ಅಲೆಗೂ ಬಾಳೆಹಣ್ಣಿನಾಕಾರದ ಮರದ ತುಂಡಿನ ತೂರಾಟಕ್ಕೂ ಅದರ ಲೆಕ್ಕದಲ್ಲಿ ಅಷ್ಟೇನೂ ಅಂತರವಿಲ್ಲ. ಅನುಮಾನ ಬಂದರೆ ಮುಟ್ಟಿ ನೋಡಲು ಮೀನಿಗೆ ಕೈಯಿಲ್ಲ, ಬಾಯಿಯನ್ನೇ ಹಾಕಬೇಕು. ಬಾಯಿ ಹಾಕಿದಲ್ಲಿಗೆ ಗಾಳದವನ ಕೆಲಸ ಮುಗಿಯಿತು.

ಒಂದು ವಿನಂತಿ: ಅವುಗಳ ಬಣ್ಣ ಉದುರಿದೆಯೆಂದು ಹೊಸ ಬಣ್ಣ ಬಳಿಯಬೇಡಿ. ಹಳೆಯ ಲೂರ್ ಸಂಗ್ರಹಿಸುವವರು ಅಮೆರಿಕದಲ್ಲಿ ಬಹಳ ಜನರಿದ್ದಾರೆ, ಅವರಿಗೆ ಬೇಕಾದದ್ದು ಮೂಲ ಬಣ್ಣ. ಒಹಾಯೊದ ರೈಲಿ ಹ್ಯಾಸ್ಕೆಲ್ 1859ರಲ್ಲಿ ಪೇಟೆಂಟ್ ಪಡೆದ ತಾಮ್ರದ ಮೀನಿನ ದೊಡ್ಡ ಮಾದರಿಯೊಂದು 2003ರ ಹರಾಜಿನಲ್ಲಿ 1,01,200 ಡಾಲರಿಗೆ ಹೋಯಿತು. ನಿಮ್ಮ ಪೆಟ್ಟಿಗೆಯಲ್ಲಿರುವುದು ಲಕ್ಷಗಟ್ಟಲೆ ತಯಾರಾದ ಮಾಲು, ಆದ್ದರಿಂದ ಅಣ್ಣನವರಿಗೆ ಆಸೆ ಹುಟ್ಟಿಸಬೇಡಿ.

ಪ್ರಶ್ನೆ: ನಮ್ಮ ತಂದೆಯವರು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಬೆಂಡಿನ ಚೂರಿಗೆ ಸುತ್ತಿ ಗಾಳಕ್ಕೆ ಕಟ್ಟುತ್ತಿದ್ದರು. ಊರವರು ನಗುತ್ತಿದ್ದರು. ಬೇರೆ ಯಾರಾದರೂ ಹೀಗೆ ಮಾಡಿದ್ದುಂಟೆ? (ಓದುಗರು, ತುಮಕೂರು)

ಉತ್ತರ: ನಕ್ಕವರು ಫಿನ್ಲೆಂಡಿನ ಲೌರಿ ರಾಪಾಲಾನ ಕಥೆ ಕೇಳಿರಲಿಲ್ಲ ಎಂದು ಕಾಣುತ್ತದೆ. ಪಾಯಾನ್ನೆ ಸರೋವರದಲ್ಲಿ ಮೀನು ಹಿಡಿದು ಬದುಕುತ್ತಿದ್ದ ಈ ಬಡವನಿಗೆ, ಸಾಲುಗಾಳಗಳಿಗೆ ಮತ್ತೆ ಮತ್ತೆ ಸಣ್ಣ ಮೀನು ಚುಚ್ಚುವುದರಲ್ಲೇ ಹೊತ್ತು ಹೋಗುತ್ತಿತ್ತು. ಹುಟ್ಟು ಹಾಕುತ್ತ ನೀರನ್ನು ದಿಟ್ಟಿಸಿದ ಆತ ಒಂದು ವಿಷಯವನ್ನು ಗಮನಿಸಿದ: ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿನೊಳಗೆ ನುಗ್ಗಿದಾಗ ಅದು ಆರಿಸಿಕೊಳ್ಳುವುದು ಗಟ್ಟಿಮುಟ್ಟಾದ ಮೀನನ್ನಲ್ಲ, ಓರೆಯಾಗಿ ತಡವರಿಸುತ್ತ ಈಜುವ ಒಂದನ್ನು. 1936ರಲ್ಲಿ ಆತ ಬೆಂಡನ್ನು ಚಮ್ಮಾರರ ಚಾಕುವಿನಿಂದ ಕೆತ್ತಿ, ಚಾಕೊಲೇಟಿಗೆ ಸುತ್ತಿ ಬರುವ ಬೆಳ್ಳಿ ಕಾಗದವನ್ನು ಹೊದಿಸಿದ. ಮೆರುಗೆಣ್ಣೆ ಕೊಳ್ಳಲು ಗತಿಯಿಲ್ಲದೆ ಛಾಯಾಚಿತ್ರಗಳ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದ. ಕೆತ್ತನೆ ಮುಗಿದರೆ ಕೆಲಸ ಮುಗಿಯುತ್ತಿರಲಿಲ್ಲ. ಪ್ರತಿಯೊಂದನ್ನೂ ನೀರಿನಲ್ಲಿ ಎಳೆದು, ಆ ತಡವರಿಸುವ ನಡಿಗೆ ಬರುವವರೆಗೂ ತಿದ್ದುತ್ತಿದ್ದ.

ಮುಂದಿನದು ಅದೃಷ್ಟದ ಆಟ. ಅಮೆರಿಕದ ‘ಲೈಫ್’ ಪತ್ರಿಕೆ 1962ರ ಆಗಸ್ಟಿನಲ್ಲಿ ಈ ಲೂರ್ ಬಗ್ಗೆ ಲೇಖನ ಪ್ರಕಟಿಸಿತು. ಅದೇ ಸಂಚಿಕೆಯ ಮುಖಪುಟದಲ್ಲಿದ್ದವರು ಆ ತಿಂಗಳ ಮೊದಲ ವಾರ ತೀರಿಕೊಂಡ ಮರ್ಲಿನ್ ಮನ್ರೊ. ಸಿನಿಮಾ ನಟಿಗಾಗಿ ಪತ್ರಿಕೆ ಕೊಂಡ ಜನ ಮೀನಿನ ಲೇಖನವನ್ನೂ ಓದಿದರು, ಫಿನ್ಲೆಂಡಿನ ಹಳ್ಳಿಯ ಮನೆಯವರಿಗೆ ಪೂರೈಸಲಾಗದಷ್ಟು ಬೇಡಿಕೆ ಬಂತು. ನಿಮ್ಮ ತಂದೆಯವರಿಗೂ ರಾಪಾಲಾನಿಗೂ ಬೆಂಡು ಒಂದೇ, ಬೆಳ್ಳಿ ಕಾಗದವೂ ಒಂದೇ. ಅವರು ದಾರವನ್ನು ಹೇಗೆ ಎಳೆಯುತ್ತಿದ್ದರು ಎಂಬುದನ್ನು ನೀವು ಬರೆದಿಲ್ಲ. ಬರೆದಿದ್ದರೆ ಹೋಲಿಕೆ ಎಲ್ಲಿಯವರೆಗೆ ಹೋಗುತ್ತದೆಂದು ಹೇಳಬಹುದಿತ್ತು.

ಪ್ರಶ್ನೆ: ಜಾಹೀರಾತು ನೋಡಿ, ಬ್ಯಾಟರಿಯಿಂದ ತಾನೇ ಬಾಲ ಬಡಿಯುತ್ತ ಈಜುವ ಲೂರ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ವಿಡಿಯೊದಲ್ಲಿ ಮೀನುಗಳು ಮುಗಿಬೀಳುತ್ತಿದ್ದವು. ನಮ್ಮ ಕೆರೆಯಲ್ಲಿ ಎರಡು ಭಾನುವಾರ ಈಜಿ, ಮೂರನೆಯ ಭಾನುವಾರ ನೀರು ಕುಡಿದು ತಳ ಸೇರಿತು. ಒಂದು ಮೀನೂ ಬರಲಿಲ್ಲ. ಇಂಥವೆಲ್ಲ ಮೋಸವೆ? (ಓದುಗರು, ಬೆಂಗಳೂರು)

ಉತ್ತರ: ನಿಮ್ಮದು ಹಳೆಯ ಪರಂಪರೆಯ ಹೊಸ ಕೊಂಡಿ. 1990ರ ದಶಕದಲ್ಲಿ ಅಮೆರಿಕದ ಟೀವಿಯಲ್ಲಿ ಅರ್ಧರ್ಧ ಗಂಟೆಯ ಜಾಹೀರಾತುಗಳ ಮೂಲಕ ಲೂರ್‌ಗಳನ್ನು ಮಾರುವ ಒಂದು ಸುಗ್ಗಿಯೇ ನಡೆಯಿತು. ಮೀನು ಹಿಡಿಯುವ ಸ್ಪರ್ಧೆಗಳಲ್ಲಿ ಹೆಸರಾಂತ ರೋಲೆಂಡ್ ಮಾರ್ಟಿನ್ ‘ಹೆಲಿಕಾಪ್ಟರ್ ಲೂರ್’ ಹಿಡಿದು ಬಂದರು. ಅದು ನೀರಿನೊಳಗೆ ರೆಕ್ಕೆ ತಿರುಗಿಸುತ್ತ ಇಳಿಯುವ ಮೆತ್ತನೆಯ ಪ್ಲಾಸ್ಟಿಕ್ ವಸ್ತು. ಅಲೆಕ್ಸ್ ಲ್ಯಾಂಗರ್ ಅವರ ‘ಫ್ಲೈಯಿಂಗ್ ಲೂರ್’, ದಾರ ಸಡಿಲಿಸಿದಾಗ ಗಾಳದವನಿಂದ ದೂರಕ್ಕೆ ಜಾರುತ್ತ ಹೋಗುವಂಥದು. ವೇಯ್ನ್ ಹಾಕ್‌ಮಯರ್ ಅವರ ‘ಬ್ಯಾಂಜೊ ಮಿನ್ನೊ’ ಸಾಯುವ ಮೀನಿನ ಒದ್ದಾಟವನ್ನು ಅನುಕರಿಸುತ್ತದೆಂದು ಹೇಳಿ ಮಾರಿದ್ದು. ಇವುಗಳಲ್ಲಿ ಲ್ಯಾಂಗರ್ ಅವರ ಯೋಚನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ದಡದಿಂದ ಎಸೆದ ಯಾವ ಲೂರ್ ಆದರೂ ಎಳೆದಾಗ ನಮ್ಮ ಕಡೆಗೇ ಬರುತ್ತದೆ, ಮೀನು ಇರುವುದಾದರೋ ಆಚೆ, ಮರದ ಬೇರಿನ ಅಡಿಯಲ್ಲಿ. ಅಲ್ಲಿಗೆ ತಾನಾಗಿ ತೇಲಿಹೋಗುವ ವಸ್ತುವಿಗೆ ಒಂದು ಉಪಯೋಗವಿದೆ. ಹೆಲಿಕಾಪ್ಟರಿನ ಬಗ್ಗೆ ಹಾಗೆ ಹೇಳಲಾರೆ.

ವಿಡಿಯೊಗಳನ್ನು ಮಾತ್ರ ನಂಬಬೇಡಿ. ತೊಟ್ಟಿಯಲ್ಲಿ ಹಸಿದ ಮೀನುಗಳಿದ್ದರೆ ಚಪ್ಪಲಿಯ ಉಂಗುಷ್ಟಕ್ಕೂ ಅವು ಮುಗಿಬೀಳಬಹುದು. ಇನ್ನೊಂದು ಕಡೆ, ಒಮ್ಮೆ ಪೆಟ್ಟು ತಿಂದ ಮೀನು ಪಾಠ ಕಲಿಯುವುದೂ ಉಂಟು. ಡಚ್ ಸಂಶೋಧಕ ಬ್ಯೂಕೆಮಾ ಪೈಕ್ ಮೀನುಗಳ ಮೇಲೆ ನಡೆಸಿ 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿರುಗುವ ಲೋಹದ ಲೂರ್‌ಗೆ ಒಮ್ಮೆ ಸಿಕ್ಕಿಬಿದ್ದ ಮೀನುಗಳು ಮತ್ತೆ ಅದರ ಹತ್ತಿರ ಬರಲು ಹಿಂಜರಿದವು. ಜೀವಂತ ಎರೆಗೆ ಮಾತ್ರ ಅಂಥ ಹಿಂಜರಿಕೆ ತೋರಲಿಲ್ಲ. ಹೊಸ ವಿಚಿತ್ರವೊಂದು ಮಾರುಕಟ್ಟೆಗೆ ಬಂದ ಮೊದಲ ವರ್ಷ ಅದ್ಭುತವಾಗಿ ಕೆಲಸ ಮಾಡಿ, ಆಮೇಲೆ ಮಂಕಾಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ನಗೆಗೀಡಾಗಬೇಕಿದ್ದದ್ದು ಗೆದ್ದ ಉದಾಹರಣೆಯನ್ನೂ ಹೇಳಬೇಕು. ಮುರಿದ ಕೊಡೆಯ ಕಡ್ಡಿಗಳಂತೆ ಐದು ತಂತಿಗಳು ಹರಡಿ, ಒಂದೊಂದರ ತುದಿಗೂ ಒಂದೊಂದು ಪ್ಲಾಸ್ಟಿಕ್ ಮೀನು ತೂಗುವ ‘ಅಲಬಾಮ ರಿಗ್’ ನೋಡಿದರೆ ಮಕ್ಕಳ ತೊಟ್ಟಿಲಿಗೆ ಕಟ್ಟುವ ಆಟಿಕೆಯ ನೆನಪಾಗುತ್ತದೆ. ಅಲಬಾಮದ ಆ್ಯಂಡಿ ಪಾಸ್ ತಯಾರಿಸಿದ ಇದನ್ನು ಕಟ್ಟಿಕೊಂಡು ಪಾಲ್ ಇಲಾಯಸ್ 2011ರ ಅಕ್ಟೋಬರಿನಲ್ಲಿ ಗಂಟರ್ಸ್‌ವಿಲ್ ಸರೋವರದ ಸ್ಪರ್ಧೆಗೆ ಇಳಿದರು; ನಾಲ್ಕು ದಿನಗಳಲ್ಲಿ 102 ಪೌಂಡಿಗೂ ಹೆಚ್ಚು, ಅಂದರೆ 46 ಕಿಲೋ ದಾಟಿದ ಬಾಸ್ ಮೀನು ಹಿಡಿದು ಗೆದ್ದರು. ಮೀನಿನ ಕಣ್ಣಿಗೆ ಅದು ಒಂದು ಲೂರ್ ಅಲ್ಲ, ಒಂದು ಹಿಂಡು. ಪರಿಣಾಮ ಎಷ್ಟಿತ್ತೆಂದರೆ ಅಲ್ಲಿಯ ಅತಿ ದೊಡ್ಡ ಸ್ಪರ್ಧಾಸರಣಿ ಅದನ್ನು ನಿಷೇಧಿಸಿತು, ಕೆಲವು ರಾಜ್ಯಗಳು ಕೊಕ್ಕೆಗಳ ಸಂಖ್ಯೆಗೆ ಮಿತಿ ಹಾಕಿದವು.

ನಿಮ್ಮ ಕೆರೆಯಲ್ಲಿ ಕೊರಮೀನು ಇದ್ದರೆ, ಒಳಗೆ ಟೊಳ್ಳಾದ ಮೆತ್ತನೆಯ ಕಪ್ಪೆ ಲೂರ್ ಒಂದನ್ನು ಕಳೆಯ ಮೇಲೆ ಕುಪ್ಪಳಿಸುವಂತೆ ಎಳೆದು ನೋಡಿ; ಬ್ಯಾಟರಿ ಬೇಡ. ಆದರೆ ನೀರಿನ ಮೇಲೆ ಕೆಂಬಣ್ಣದ ಮರಿಗಳ ಗುಂಪು ಕಂಡರೆ ಅಲ್ಲಿ ಗಾಳ ಹಾಕಬೇಡಿ. ಕೆಳಗೆ ಕಾವಲಿರುವ ತಾಯಿತಂದೆ ಹಸಿವಿಗಲ್ಲ, ಮರಿಗಳ ರಕ್ಷಣೆಗಾಗಿ ಬಾಯಿ ಹಾಕುತ್ತವೆ. ಅವು ಹೋದರೆ ಮರಿಗಳನ್ನು ಉಳಿದ ಮೀನುಗಳು ಮುಗಿಸುತ್ತವೆ.

ಪ್ರಶ್ನೆ: ಲೂರ್‌ಗೆ ಕನ್ನಡಿ ಕೂರಿಸಿದ್ದರೆಂದು ಓದಿದೆ. ನಿಜವೆ? (ಓದುಗರು, ಮಂಗಳೂರು)

ಉತ್ತರ: ನಿಜ. ಮೀನು ತನ್ನ ಬಿಂಬವನ್ನು ಕಂಡು, ಎರೆಯನ್ನು ಕಸಿಯಲು ಎದುರಾಳಿ ಬಂದನೆಂದು ಕೆರಳಿ ಬಾಯಿ ಹಾಕೀತು ಎಂಬ ತರ್ಕದ ಮೇಲೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೇಟೆಂಟ್ ಪಡೆದರು. ಅದೇ ಕಾಲದಲ್ಲಿ ಡೆಟ್ರಾಯಿಟ್‌ನಲ್ಲಿ, ಜೀವಂತ ಸಣ್ಣ ಮೀನನ್ನು ಗಾಜಿನ ಕೊಳವೆಯೊಳಗಿಟ್ಟು, ಸುತ್ತ ಕೊಕ್ಕೆಗಳನ್ನು ತೂಗುಹಾಕಿ ಮಾರಿದರು. ಒಂದೇ ಎರೆ ದಿನವಿಡೀ ಬಾಳಲಿ ಎಂಬುದು ಅದರ ಲೆಕ್ಕಾಚಾರ. ಬಂಡೆಗೆ ಬಡಿದ ಗಾಜು ಎಷ್ಟು ದಿನ ಬಾಳೀತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಾತ ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆಗೆ ಇಂಗು ಬೆರೆಸಿ ಗಾಳಕ್ಕೆ ಚುಚ್ಚುತ್ತಿದ್ದರು. ಈಗಿನ ಹುಡುಗರು ಬೀಗದ ತುಕ್ಕಿಗೆ ಹೊಡೆಯುವ ಡಬ್ಲ್ಯುಡಿ-40 ಸ್ಪ್ರೇಯನ್ನು ಲೂರ್‌ಗೆ ಹೊಡೆಯುತ್ತಾರೆ. ಯಾವುದು ಸರಿ? (ಓದುಗರು, ಕನಕಪುರ)

ಉತ್ತರ: ಸ್ಪ್ರೇಯನ್ನು ಇಂದೇ ಬಿಡಿಸಿ. ಅದರಲ್ಲಿ ಮೀನೆಣ್ಣೆ ಇದೆಯೆಂಬ ವದಂತಿ ಅಮೆರಿಕದಲ್ಲಿ ಹುಟ್ಟಿದ್ದು. ಮೀನೆಣ್ಣೆ ಇಲ್ಲವೆಂದು, ಮೀನು ಹಿಡಿಯಲು ಅದನ್ನು ಬಳಸಬಾರದೆಂದು ತಯಾರಿಸುವವರೇ ಹೇಳಿದ್ದಾರೆ. ಅದು ಪೆಟ್ರೋಲಿಯಂ ಮೂಲದ ವಸ್ತು, ನಾವು ಕುಡಿಯುವ ನೀರಿಗೆ ಬೀಳುವಂಥದು.

ನಿಮ್ಮ ತಾತನವರ ಉಂಡೆಗೆ ಬಹಳ ದೊಡ್ಡ ಹೆಸರಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡ್ ತೂಕದ ಮಹಶೀರ್ ಹಿಡಿದ ಮೇಲೆ ನಮ್ಮ ನದಿಗಳ ಕೀರ್ತಿ ಹೊರದೇಶಗಳಿಗೂ ಹಬ್ಬಿತು. ಮುಂದೆ ಭೀಮೇಶ್ವರಿ, ಗಾಳಿಬೋರೆಗಳ ಶಿಬಿರಗಳಿಗೆ ದುಬಾರಿ ಲೂರ್‌ಗಳ ಪೆಟ್ಟಿಗೆ ಹೊತ್ತು ಬಂದ ವಿದೇಶಿಯರಿಗೆ ಸ್ಥಳೀಯರು ಕಲಿಸಿಕೊಟ್ಟದ್ದು ಇದೇ ರಾಗಿ ಉಂಡೆಯನ್ನು. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ ಬೇಯಿಸಿದರೆ ಹೊರಗೆ ಬಿಗಿಯಾದ ಪೊರೆ ಕಟ್ಟುತ್ತದೆ. ಸಣ್ಣ ಮೀನುಗಳು ಕಚ್ಚಿದರೂ ರಭಸದ ನೀರಿನಲ್ಲಿ ಕೊಕ್ಕೆಯಿಂದ ಕಳಚುವುದಿಲ್ಲ. ರೋಹು, ಕಾಟ್ಲಾಗಳಂತೆ ಮಹಶೀರ್ ಕೂಡ ಕಾರ್ಪ್ ಕುಟುಂಬದ್ದೇ. ಈ ಕುಟುಂಬದ ಮೀನುಗಳ ತುಟಿಯ ಮೇಲೂ ಮೀಸೆಯ ಮೇಲೂ ರುಚಿ ಗ್ರಹಿಸುವ ಮೊಗ್ಗುಗಳಿವೆ, ಮೂಗೂ ಚುರುಕು. ಆದ್ದರಿಂದ ವಾಸನೆ ಬೆರೆಸುವುದರಲ್ಲಿ ಅರ್ಥವಿದೆ. ಇಂಗೇ ಆಗಬೇಕೆಂದೇನೂ ಇಲ್ಲ.

ಆದರೆ ಆ ಉಂಡೆಯನ್ನು ಈಗ ಅಲ್ಲಿ ಹಾಕುವಂತಿಲ್ಲ. ವನ್ಯಜೀವಿಧಾಮದೊಳಗೆ ಗಾಳ ಹಾಕುವುದನ್ನೂ ಬೇಟೆಯೆಂದು ಪರಿಗಣಿಸಿದ್ದರಿಂದ ಶಿಬಿರಗಳ ಗಾಳದ ಆಟ ನಿಂತು ವರ್ಷಗಳಾದವು. ಕಾವೇರಿಯ ಆ ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಮಹಶೀರ್ 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ತಾತನವರ ಪಾಕವನ್ನು ಬರೆದಿಟ್ಟುಕೊಳ್ಳಿ, ಇಂಗಿನ ಪ್ರಮಾಣದ ಸಮೇತ; ನಮಗೂ ಒಂದು ಪ್ರತಿ ಕಳುಹಿಸಿ.